ಧಾರವಾಡದ ಮಳೆಗಾಲಕ್ಕೊಂದು ಒಣಗಿಸುವ ಪೆಟ್ಟಿಗೆ: ತಗೋಬೇಕೋ, ಬೇಡವೋ

"ಸಂಡಿಗಿ, ಹಪ್ಪಳಾ, ಬಾಳಕಾ ಎಲ್ಲಾ ಇದರಾಗ ಒಣಗತಾವೇನ್ರಿ?" ನಮ್ಮ ಮನೆಯ ಡಿಹೈಡ್ರೇಟರ್ (ಬಿಸಿಗಾಳಿ ಊದಿ ಆಹಾರ ಒಣಗಿಸುವ ವಿದ್ಯುತ್ ಪೆಟ್ಟಿಗೆ) ಕಂಡವರು ಕೇಳುವ ಮೊದಲ ಪ್ರಶ್ನೆ ಇದು. ಒಣಗುತ್ತವೆ. ಆದರೆ ಅದಕ್ಕಾಗಿ ಇದನ್ನು ಕೊಳ್ಳಬೇಡಿ. ಸಂಡಿಗೆ ಹಾಕುವ ಕಾಲಕ್ಕೆ ನಮ್ಮ ಕಡೆ ಸುಡುಸುಡು ಬಿಸಿಲಿರುತ್ತದೆ, ಅದರ ಮುಂದೆ ಒಂಬತ್ತು ಸಾವಿರ ರೂಪಾಯಿಯ ಪೆಟ್ಟಿಗೆಯ ಆಟ ನಡೆಯುವುದಿಲ್ಲ. ಇದರ ಕೆಲಸ ಶುರುವಾಗುವುದು ಆರಿದ್ರಾ ಮಳೆ ಹತ್ತಿ, ಒಗೆದ ಬಟ್ಟೆ ಮರುದಿನವೂ ಹಸಿ ವಾಸನೆ ಬಿಡದಿರುವಾಗ. ಆ ತಿಂಗಳುಗಳಲ್ಲಿ ನಿಮ್ಮ ಮನೆಯಲ್ಲಿ ಒಣಗಿಸುವಂಥದ್ದು ಏನಿರುತ್ತದೆ, ಎಷ್ಟಿರುತ್ತದೆ? ಇದನ್ನು ಕೊಳ್ಳುವ, ಬಿಡುವ ಮಾತು ಅದರ ಮೇಲೆ ನಿಂತಿದೆ.

ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ತವರು ಬ್ಯಾಡಗಿ ಹತ್ತಿರದ ಹಳ್ಳಿ. ಕಣದ ತುಂಬ ಮೆಣಸಿನಕಾಯಿ ಹರವಿ, ದಿನಕ್ಕೆ ಎರಡು ಸಲ ಕೈಯಾಡಿಸಿ, ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸುವುದನ್ನು ನೋಡುತ್ತ ಬೆಳೆದವಳು. ಹಾಗಾಗಿ ಬಿಸಿಲಿನ ಮೇಲೆ ನನಗೆ ಗೌರವ ಜಾಸ್ತಿ. ಮಗಳು ಪುಣೆಯಲ್ಲಿ ಮೂವರು ಗೆಳತಿಯರ ಜೊತೆ ರೂಮು ಮಾಡಿಕೊಂಡು ಓದುತ್ತಾಳೆ. ಅವಳಿಗೆ ಏನಾದರೂ ಒಣಗಿಸಿ ಕಳಿಸುವುದು ನಮ್ಮ ಮನೆಯಲ್ಲಿ ವರ್ಷವಿಡೀ ನಡೆಯುವ ಕೆಲಸ. ಹೋದ ವರ್ಷ ಮಳೆಗಾಲ ಹಿಡಿಯುವ ಮೊದಲು ಮಷೀನು ತರುವ ಮಾತೆತ್ತಿದಾಗ ಅತ್ತೆಯವರು, "ಸೂರ್ಯನಾರಾಯಣ ಪುಕ್ಕಟ ಕೊಡೋದಕ್ಕ ರೊಕ್ಕಾ ಯಾಕ ಹಾಕಬೇಕವಾ?" ಅಂದರು. ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನೇ ಹಿಡಿದುಕೊಂಡು ಪ್ರತಿ ಪದಾರ್ಥವನ್ನೂ ತೂಗಿ, ವಿದ್ಯುತ್ ಎಷ್ಟು ಎಳೆಯುತ್ತದೆ ಎಂದು ಪ್ಲಗ್ಗಿಗೆ ಹಚ್ಚುವ ಸಣ್ಣ ಮೀಟರಿನಲ್ಲಿ ನೋಡುತ್ತ ಬಂದಿದ್ದೇನೆ.

ನನ್ನದು ಆರು ಟ್ರೇಗಳ ಚೌಕನೆಯ ಪೆಟ್ಟಿಗೆ. ಸ್ಟೀಲ್ ಜಾಳಿಗೆ, ಹಿಂಬದಿಗೆ ಫ್ಯಾನು, 400 ವ್ಯಾಟ್ ಹೀಟರ್, 35ರಿಂದ 70 ಡಿಗ್ರಿವರೆಗೆ ಬಿಸಿ ಹೆಚ್ಚುಕಡಿಮೆ ಮಾಡುವ ಗುಂಡಿ. ಹುಬ್ಬಳ್ಳಿಯಲ್ಲಿರುವ ನನ್ನ ನೆಗೆಣ್ಣಿಯ ಹತ್ತಿರ ಇನ್ನೊಂದು ನಮೂನೆಯದಿದೆ: ದುಂಡನೆಯ ಪ್ಲಾಸ್ಟಿಕ್ ಟ್ರೇಗಳನ್ನು ಒಂದರ ಮೇಲೊಂದು ಪೇರಿಸುವುದು, ಫ್ಯಾನು ಬುಡದಲ್ಲಿ. ಅದರ ಬೆಲೆ ಇದರ ಅರ್ಧ. ಎರಡರ ವ್ಯತ್ಯಾಸ ಮುಂದೆ ಹೇಳುತ್ತೇನೆ, ಅದು ದೊಡ್ಡ ವ್ಯತ್ಯಾಸ.

ಒಣಗಿಸುವುದೆಂದರೆ ನೀರು ತೆಗೆಯುವುದು. ಹಸಿ ಮೆಂತ್ಯ ಸೊಪ್ಪಿನಲ್ಲಿ ನೂರಕ್ಕೆ 86ರಷ್ಟು ನೀರು, ಟೊಮೆಟೊದಲ್ಲಿ 94, ಮಾವಿನಹಣ್ಣಿನಲ್ಲಿ 82ರ ಹತ್ತಿರ. ಒಂದು ಲೀಟರ್ ನೀರು ಆವಿಯಾಗಲು ಎಷ್ಟೇ ಕಡಿಮೆಯೆಂದರೂ 0.65 ಯುನಿಟ್ ಶಕ್ತಿ ಬೇಕು, ಅದು ಪ್ರಕೃತಿಯ ಲೆಕ್ಕ. ಮನೆಯ ಪೆಟ್ಟಿಗೆಯಿಂದ ಬಿಸಿಗಾಳಿ ಹೊರಗೆ ಹೋಗುತ್ತಲೇ ಇರುವುದರಿಂದ ನನ್ನ ಮೀಟರಿನಲ್ಲಿ ಲೀಟರಿಗೆ ಎರಡರಿಂದ ಎರಡೂವರೆ ಯುನಿಟ್ ಬರುತ್ತದೆ. ಬಿಸಿಲು ಈ ಕೆಲಸವನ್ನು ಬಿಲ್ಲಿಲ್ಲದೆ ಮಾಡುತ್ತದೆ. ಆದರೆ ಜುಲೈನಲ್ಲಿ ಧಾರವಾಡದ ಗಾಳಿ ತಾನೇ ನೀರು ಕುಡಿದು ಕೂತಿರುತ್ತದೆ. 24 ಡಿಗ್ರಿ, ತೇವಾಂಶ ನೂರಕ್ಕೆ 90 ಇರುವ ಗಾಳಿಯಲ್ಲಿ ಕೊತ್ತಂಬರಿ ಹರವಿಟ್ಟರೆ ಅದು ಒಣಗುವ ಮೊದಲೇ ಕಪ್ಪಾಗುತ್ತದೆ. ಅದೇ ಗಾಳಿಯನ್ನು 57 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ನೂರಕ್ಕೆ 15ರ ಸುಮಾರಿಗೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಕಡಿಮೆಯಾಗಿರುವುದಿಲ್ಲ, ಇನ್ನಷ್ಟು ನೀರು ಹೊರುವ ಅದರ ತಾಕತ್ತು ಹೆಚ್ಚಾಗಿರುತ್ತದೆ. ಈ ಯಂತ್ರ ಮಾಡುವುದು ಇಷ್ಟನ್ನೇ: ಜುಲೈ ತಿಂಗಳ ಗಾಳಿಗೆ ಏಪ್ರಿಲ್ ತಿಂಗಳ ಹಸಿವು ತರುವುದು. ಏಪ್ರಿಲ್‌ನಲ್ಲೇ ಇದನ್ನು ಹಚ್ಚಿದರೆ, ಹೊರಗೆ ಪುಕ್ಕಟೆ ಸಿಗುವುದಕ್ಕೆ ನೀವು ಬಿಲ್ಲು ಕಟ್ಟುತ್ತೀರಿ.

ಇನ್ನು ಜಾಗದ ಲೆಕ್ಕ. ಜಾಹೀರಾತಿನಲ್ಲಿ ಆರು ಟ್ರೇ ತುಂಬ ಬಣ್ಣಬಣ್ಣದ ಹಣ್ಣು ಜೋಡಿಸಿ ತೋರಿಸಿದಾಗ ಬಹಳ ಹಿಡಿಸುತ್ತದೆ ಅನಿಸುತ್ತದೆ. ನನ್ನ ಟ್ರೇ ಒಂದೊಂದೂ ಒಂದಡಿ ಚೌಕ. ಆರೂ ಸೇರಿದರೆ ಆರು ಚದರ ಅಡಿ. ಆರಡಿ ಉದ್ದ, ಮೂರಡಿ ಅಗಲದ ಹೊರಸಿನ ಮೇಲೆ ಸೀರೆ ಹಾಸಿ ಸಂಡಿಗೆ ಇಟ್ಟರೆ ಹದಿನೆಂಟು ಚದರ ಅಡಿ ಜಾಗ ಸಿಗುತ್ತದೆ. ಅಂದರೆ ಇಡೀ ಮಷೀನು ಒಂದು ಹೊರಸಿನ ಮೂರನೇ ಒಂದು ಪಾಲು. ನಮ್ಮ ಕಡೆ ಒಂದು ಮನೆಯ ಸಂಡಿಗೆಗೆ ಎರಡು ಮೂರು ಹೊರಸು ಬೇಕು, ಅದೂ ಅಕ್ಕಪಕ್ಕದ ನಾಲ್ಕು ಜನ ಕೂಡಿ ಹಾಕುವ ಕೆಲಸ. ಅದನ್ನು ಈ ಪೆಟ್ಟಿಗೆಯಲ್ಲಿ ಮುಗಿಸುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತದೆ.

ಜಾಗ ಒಂದೇ ಕಾರಣವಲ್ಲ. ಅಕ್ಕಿ ಸಂಡಿಗೆಯ ಹಿಟ್ಟಿಗೆ ಒಂದೇ ದಿಕ್ಕಿನಿಂದ ಫ್ಯಾನಿನ ಬಿಸಿಗಾಳಿ ಬಡಿದರೆ ಹೊರಗಿನ ಪದರ ಬೇಗ ಬಿಗಿದು ಒಳಗಿನ ಪಸೆ ಅಲ್ಲೇ ಸಿಕ್ಕಿಬೀಳುತ್ತದೆ. ಕೆಲವು ಬಿರುಕು ಬಿಡುತ್ತವೆ. ಬಿಡದವು ಕರಿದಾಗ ಅಂಚಿನಲ್ಲಿ ಹೂವಿನಂತೆ ಅರಳಿ ನಡುವೆ ಗಟ್ಟಿ ಉಳಿಯುತ್ತವೆ. ಬಿಸಿ ಕಡಿಮೆ ಇಟ್ಟು ರಾತ್ರಿಯೆಲ್ಲ ಬಿಟ್ಟರೆ ಸುಧಾರಿಸುತ್ತದೆ, ಆದರೆ ಬಿಸಿಲಲ್ಲಿ ಒಣಗಿದ್ದರ ಹಗುರ ಬರುವುದಿಲ್ಲ. ಹಪ್ಪಳ ಸುರುಳಿ ಸುತ್ತುತ್ತದೆ. ಗೋಧಿಯ ಕುರುಡಿಗೆ ಮಾತ್ರ ಎಳೆಎಳೆಯಾಗಿ ಇರುವುದರಿಂದ ಚಲೋ ಒಣಗುತ್ತದೆ. ಅಡ್ಡಮಳೆ ಬಂದು ಅರ್ಧ ಒಣಗಿದ ಸಂಡಿಗೆ ಒಳಗೆ ತರಬೇಕಾಗಿ ಬಂದರೆ ಉಳಿದ ಅರ್ಧಕ್ಕೆ ಈ ಮಷೀನು ಜೀವ ಉಳಿಸುತ್ತದೆ, ಅದನ್ನು ಒಪ್ಪುತ್ತೇನೆ. ಮೇ ತಿಂಗಳ ಮಧ್ಯಾಹ್ನಗಳು ಹೇಗಿರುತ್ತವೆ ಎಂದು ಇಲ್ಲಿಯವರಿಗೆ ಗೊತ್ತು.

ಒಣ ಮೆಣಸಿನಕಾಯಿಗಂತೂ ಇದು ಬೇಡವೇ ಬೇಡ. ವರ್ಷದ ಖಾರಪುಡಿಗೆ ಬೇಕಾಗುವ ಬ್ಯಾಡಗಿ ಕಾಯಿ ತಂದು, ತೊಟ್ಟು ಮುರಿದು, ಕುಟ್ಟಿಸುವ ಮೊದಲು ಗರಿಗರಿ ಒಣಗಿಸಲು ಮಾಳಿಗೆಯೇ ಬೇಕು. ಐದು ಕಿಲೋ ಒಣಕಾಯಿ ಎಂದರೆ ಎಷ್ಟು ದೊಡ್ಡ ರಾಶಿ! ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಅದರ ಕಡುಕೆಂಪು ಬಣ್ಣ, ಕಡಿಮೆ ಖಾರ, ಸುಕ್ಕು ಮೈಯ ಹಿರಿಮೆಗೆ. ಕಡ್ಡಿ, ಡಬ್ಬಿ ಎರಡೂ ತಳಿ ಹೊಲದಿಂದ ಬಂದ ಮೇಲೆ ಕಣದಲ್ಲೇ ಹದವಾಗಿ ಒಣಗುತ್ತವೆ. ಆ ಹದ ರೈತರ ಕೈಯಲ್ಲಿದೆ. ಮನೆಯ ಪೆಟ್ಟಿಗೆಗೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಇದು ಯಾವುದಕ್ಕೆ ಬೇಕು? ಸೊಪ್ಪಿಗೆ. ಬೇರೆ ಏನೂ ಒಣಗಿಸದಿದ್ದರೂ ಸೊಪ್ಪಿಗಾಗಿ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಮೊದಲು ಮೆಂತ್ಯ. ಮಳೆ ಹಿಡಿದ ದಿನಗಳಲ್ಲಿ ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮ ಕಾಯಿಪಲ್ಯ ಪೇಟೆಗೆ ಬರುವ ಸೂಡುಗಳಲ್ಲಿ ಅರ್ಧ ಕೆಸರೇ ಇರುತ್ತದೆ, ಆದರೆ ಎಲೆ ಎಳೆಯದು. ಬಿಡಿಸಿ, ನಾಲ್ಕು ನೀರಿನಲ್ಲಿ ತೊಳೆದು, ಪಂಚೆಯಲ್ಲಿ ಸುತ್ತಿ ನೀರು ಹಿಂಡಿ, ಟ್ರೇ ಮೇಲೆ ತೆಳ್ಳಗೆ ಹರವಿ 45 ಡಿಗ್ರಿಗೆ ಇಡುತ್ತೇನೆ. ಒಮ್ಮೆಗೆ ಅರ್ಧ ಕಿಲೋ ಬಿಡಿಸಿದ ಎಲೆ ಹಿಡಿಸುತ್ತದೆ. ಐದಾರು ತಾಸಿನಲ್ಲಿ ಕೈಯಲ್ಲಿ ಹಿಚುಕಿದರೆ ಪುಡಿಯಾಗುವ ಹದಕ್ಕೆ ಬರುತ್ತದೆ, ತೂಕ 70 ಗ್ರಾಮಿನ ಸುಮಾರು. ಖರ್ಚಾಗುವುದು ಒಂದು ಯುನಿಟ್. ಬಣ್ಣ ಹಸಿರಾಗಿಯೇ ಇರುತ್ತದೆ. ಬಿಸಿಲಿಗಿಟ್ಟ ಸೊಪ್ಪಿನ ಹಸಿರು ಬೆಳಕಿಗೆ ಸತ್ತುಹೋಗುತ್ತದೆ, ಅದರ ಜೊತೆ ಎ ಜೀವಸತ್ವಕ್ಕೆ ಮೂಲವಾದ ಕ್ಯಾರೋಟಿನ್ ಕೂಡ ಹೋಗುತ್ತದೆ. ನೆರಳಲ್ಲಿ ಒಣಗಿಸಿದರೆ ಉಳಿಯುತ್ತದೆ, ಆದರೆ ಮಳೆಗಾಲದ ನೆರಳಲ್ಲಿ ಒಣಗುವುದೇ ಇಲ್ಲ. ಸಿ ಜೀವಸತ್ವ ಹೇಗೆ ಒಣಗಿಸಿದರೂ ಬಹಳಷ್ಟು ಹೋಗುತ್ತದೆ, ಅದಕ್ಕೆ ಹಸಿಮೆಂತ್ಯವನ್ನೇ ರೊಟ್ಟಿಯ ಜೊತೆ ತಿನ್ನಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಅಂಗಡಿಯ ಕಸೂರಿ ಮೇಥಿಯ ಘಮ ಇದಕ್ಕೆ ಬರುವುದಿಲ್ಲ. ಆ ಗಿಡವೇ ಬೇರೆ ಜಾತಿ, ರಾಜಸ್ಥಾನದ ನಾಗೌರ್ ಕಡೆ ಹೆಚ್ಚಾಗಿ ಬೆಳೆಯುವುದು. ನಮ್ಮ ಒಣಮೆಂತ್ಯಕ್ಕೆ ಅದರದೇ ಕಹಿ, ಅದರದೇ ರುಚಿ ಇದೆ. ಜುಣಕಕ್ಕೆ, ಥಾಲಿಪೆಟ್ಟಿನ ಹಿಟ್ಟಿಗೆ, ಬ್ಯಾಳಿಗೆ ಅದು ಬಹಳ ಚಂದ.

ಎರಡನೆಯದು ಕಡ್ಲಿ ಸೊಪ್ಪು. ನವೆಂಬರ್, ಡಿಸೆಂಬರ್‌ನಲ್ಲಿ ನವಲಗುಂದ, ಗದಗ ಕಡೆಯ ಎರೆಹೊಲಗಳಲ್ಲಿ ಕಡಲೆಯ ಕುಡಿ ಚಿವುಟುವ ಹೊತ್ತಿಗೆ ನಮ್ಮ ಮನೆಗೂ ಒಂದು ಚೀಲ ಬರುತ್ತದೆ. ಇದನ್ನು ತೊಳೆಯಬಾರದು. ಎಲೆಯ ಮೇಲಿನ ಸಣ್ಣ ಕೂದಲುಗಳಲ್ಲಿ ಜಿನುಗುವ ಹುಳಿಯೇ ಇದರ ರುಚಿ, ನೀರು ಬಿದ್ದರೆ ಅದು ಹೋಗುತ್ತದೆ. ಹುಳ, ಕಡ್ಡಿ ಆರಿಸಿ ಹಾಗೆಯೇ ಒಣಗಿಸಬೇಕು. ಹಳ್ಳಿಯಲ್ಲಿ ಚಾಪೆಯ ಮೇಲೆ ಒಣಗಿಸಿ ಮಡಕೆಯಲ್ಲಿಟ್ಟು, ಬೇಸಿಗೆಯಲ್ಲಿ ಕಾಯಿಪಲ್ಯ ಸಿಗದಿದ್ದಾಗ ಜೋಳದ ನುಚ್ಚು ಹಾಕಿ ಕುದಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಡುತ್ತಾರೆ. ಆ ಒಣಸೊಪ್ಪು ಕಂದುಗಪ್ಪು ಬಣ್ಣಕ್ಕೆ ತಿರುಗಿರುತ್ತದೆ, ಒಂದೊಂದು ಹಿಡಿಯಲ್ಲಿ ಮಣ್ಣೂ ಇರುತ್ತದೆ. 40 ಡಿಗ್ರಿಯಲ್ಲಿ ಒಣಗಿಸಿದ್ದು ಹಸಿರು ಉಳಿಸಿಕೊಂಡಿತು, ಹುಳಿಯನ್ನೂ ಉಳಿಸಿಕೊಂಡಿತು. ಏಪ್ರಿಲ್‌ನಲ್ಲಿ ಪಲ್ಯ ಮಾಡಿ ಬಡಿಸಿದಾಗ ಅತ್ತೆಯವರು ತಟ್ಟೆಯಲ್ಲಿ ಸೊಪ್ಪಿನ ಎಸಳು ಬಿಡಿಸಿ ನೋಡಿ, "ಇದು ಈಗ ಕಿತ್ತಿದ್ದೇನು?" ಎಂದು ಕೇಳಿದರು. ಮಷೀನಿನ ಬಗ್ಗೆ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಡಿಸೆಂಬರ್‌ನಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಈ ಸೊಪ್ಪಿಗೆ ನಾನು ಮಷೀನನ್ನೇ ಹಚ್ಚುತ್ತೇನೆ. ಬಿಸಿಲಿಗಿಂತ ಇದು ಚಲೋ ಮಾಡುವ ಕೆಲಸ ಎಲೆಯದೊಂದೇ.

ಕರಿಬೇವು, ನುಗ್ಗೆಸೊಪ್ಪು, ಪುದೀನ, ಪುಂಡಿ ಇವೆಲ್ಲ ಅದೇ ದಾರಿ. ಕೊತ್ತಂಬರಿ ಮಾತ್ರ ಒಣಗಿದರೆ ಹುಲ್ಲು. ಅದರ ವಾಸನೆ ಗಾಳಿಯ ಜೊತೆ ಹೋಗಿಬಿಡುತ್ತದೆ.

ಹಣ್ಣುಗಳಲ್ಲಿ ಮಾವಿಗೆ ಅಂಕ ಕೊಡುತ್ತೇನೆ. ಕೆಲಗೇರಿ ಕಡೆಯ ಆಪೂಸು ಮೇ ಕೊನೆಗೆ ಒಮ್ಮೆಲೆ ಹಣ್ಣಾಗಿ, ಮಳೆಯೂ ಒಮ್ಮೆಲೆ ಬಂದು, ಡಜನ್ನುಗಟ್ಟಲೆ ಹಣ್ಣು ಮನೆಯಲ್ಲಿ ಕೊಳೆಯುವ ವಾರ ಒಂದಿರುತ್ತದಲ್ಲ, ಆ ವಾರಕ್ಕೆ ಇದು ಹೇಳಿ ಮಾಡಿಸಿದ್ದು. ಒಂದೂವರೆ ಕಿಲೋ ಹೋಳು 57 ಡಿಗ್ರಿಯಲ್ಲಿ ಹನ್ನೊಂದು ತಾಸಿಗೆ ಮೆತ್ತಗಿನ ಚರ್ಮದ ಹದಕ್ಕೆ ಬಂದು 300 ಗ್ರಾಮಿನ ಸುಮಾರು ಉಳಿಯುತ್ತದೆ, ಯುನಿಟ್ ಮೂರು. ಹೋಳು ಒಂದೇ ದಪ್ಪ ಇರಬೇಕು. ಬೇಗ ಆಗಲಿ ಎಂದು 70ಕ್ಕೆ ಏರಿಸಿದರೆ ಸಂಡಿಗೆಗೆ ಆದದ್ದೇ ಇಲ್ಲೂ ಆಗುತ್ತದೆ: ಮೇಲೆ ಒಣಗಿ ಒಳಗೆ ಹಸಿ, ಡಬ್ಬಿಯಲ್ಲಿ ಹದಿನೈದು ದಿನಕ್ಕೆ ಬೂಸ್ಟು. ರಸ ಹುಯ್ದು ಮಾವಿನ ಹಪ್ಪಳ ಮಾಡುವುದಾದರೆ ತೂತಿಲ್ಲದ ಹಾಳೆ ಬೇಕು, ಕೆಲವರು ಅದನ್ನು ಪ್ರತ್ಯೇಕ ಮಾರುತ್ತಾರೆ, ಕೇಳಿ ನೋಡಿ. ತುಸು ತುಪ್ಪ ಸವರದಿದ್ದರೆ ಎದ್ದು ಬರುವುದಿಲ್ಲ. ನವಲೂರ ಪೇರಲವೂ ಚಲೋ ಆಗುತ್ತದೆ, ಬೀಜದ ಭಾಗ ತೆಗೆದು ತಿರುಳು ಮಾತ್ರ ಇಡಿ. ಬಾಳೆಹಣ್ಣು ಸಾಧಾರಣ. ಚಿಕ್ಕು ಅತಿ ಸಿಹಿ, ಒಂದು ಹೋಳಿನ ಮೇಲೆ ಎರಡನೆಯದು ಬೇಕೆನಿಸುವುದಿಲ್ಲ.

ಟೊಮೆಟೊ ಬಗ್ಗೆ ಬಹಳ ಜನ ಕೇಳುತ್ತಾರೆ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ, ಅಗ್ಗ ಇದ್ದಾಗ ಒಣಗಿಸಿ ಇಟ್ಟುಕೊಳ್ಳೋಣ ಅನಿಸುವುದು ಸಹಜ. ಎರಡು ಕಿಲೋ ಟೊಮೆಟೊದಿಂದ ಸಿಗುವುದು 130 ಗ್ರಾಂ, ಎಳೆಯುವುದು ನಾಲ್ಕು ಯುನಿಟ್ಟಿನ ಮೇಲೆ. ಸಾರಿನ ಪುಡಿಗೆ ಬೆರೆಸಲು ಸ್ವಲ್ಪ ಮಾಡಿಟ್ಟುಕೊಳ್ಳಬಹುದು. ವರ್ಷದ ಟೊಮೆಟೊ ಖರ್ಚು ಉಳಿಸುತ್ತೇನೆ ಎಂದು ಹೊರಡುವುದು ಬೇಡ.

ಮಗಳಿಗೆ ಕಳಿಸುವ ಡಬ್ಬಿಯಲ್ಲಿ ಮಷೀನು ನಿಜವಾಗಿ ಕೈಹಿಡಿದಿದ್ದು ಕುದಿಸಿದ ತೊಗರಿಬೇಳೆಯಲ್ಲಿ. ಉಪ್ಪು, ಅರಿಷಿಣ ಹಾಕಿ ಬೇಯಿಸಿ, ಕಡೆದು, ಹಾಳೆಯ ಮೇಲೆ ತೆಳ್ಳಗೆ ಹರವಿ 60 ಡಿಗ್ರಿಯಲ್ಲಿ ಒಣಗಿಸಿದರೆ ಚಕ್ಕೆಯಾಗುತ್ತದೆ. ಪುಡಿ ಮಾಡಿ ಅದಕ್ಕೆ ಒಣ ಉಳ್ಳಾಗಡ್ಡಿ, ಒಣಮೆಂತ್ಯ, ಸಾರಿನ ಪುಡಿ ಬೆರೆಸಿ ಕೊಟ್ಟರೆ ಅಲ್ಲಿ ಕುದಿಯುವ ನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಸಾಕು. ಒಗ್ಗರಣೆ ಹಾಕಿ ಒಣಗಿಸಬಾರದು, ಎಣ್ಣೆ ಇದ್ದದ್ದು ಕೆಲವೇ ವಾರಕ್ಕೆ ಕಮಟು ಹಿಡಿಯುತ್ತದೆ. "ಮಮ್ಮಿ, ಪರೀಕ್ಷಾ ಟೈಮ್‌ದಾಗ ಇದೊಂದು ಇದ್ರ ಮೆಸ್ ಬ್ಯಾಡ ನನಗ" ಎಂದು ಅವಳು ಫೋನಿನಲ್ಲಿ ಹೇಳಿದ ಮೇಲೆ ಈ ಪೆಟ್ಟಿಗೆಗೆ ಹಾಕಿದ ದುಡ್ಡಿನ ಬಗ್ಗೆ ನಾನು ಯೋಚಿಸಿಲ್ಲ. ನಿಮ್ಮ ಮನೆಯಿಂದಲೂ ಯಾರಾದರೂ ಹೊರಗೆ ಓದಲು, ದುಡಿಯಲು ಹೋಗಿದ್ದರೆ ಕೊಳ್ಳಲು ಇದೊಂದೇ ಕಾರಣ ಸಾಕಾದೀತು.

ಉಳ್ಳಾಗಡ್ಡಿ ಒಣಗಿಸುವಾಗ ಮಾತ್ರ ಎಚ್ಚರ. ವಾಸನೆ ಮನೆಯ ಪರದೆ, ಹಾಸಿಗೆ ಎಲ್ಲದಕ್ಕೂ ಹತ್ತುತ್ತದೆ. ಹಸಿಮೆಣಸಿನಕಾಯಿ ಇಟ್ಟರೆ ಒಳಗೆ ಕೂತವರಿಗೆಲ್ಲ ಕೆಮ್ಮು. ಎರಡಕ್ಕೂ ಬಾಲ್ಕನಿಯೇ ಸರಿ, ಇರಚಲು ಬೀಳದ ಮೂಲೆ ನೋಡಿಕೊಳ್ಳಿ.

ಈಗ ಫ್ಯಾನು ಎಲ್ಲಿರಬೇಕು ಎಂಬ ಮಾತು. ಬಾಳಕದ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಕಾಯಿ ಸೀಳಿ, ಮಸಾಲೆ ತುಂಬಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಮತ್ತೆ ರಾತ್ರಿ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆ ಎಲ್ಲ ಹೀರುವವರೆಗೆ ಇದನ್ನೇ ಮಾಡಬೇಕು. ನೆಗೆಣ್ಣಿಯ ದುಂಡನೆಯ ಮಾದರಿಯಲ್ಲಿ ಮಜ್ಜಿಗೆ ತೊಟ್ಟಿಕ್ಕಿದರೆ ನೇರ ಬುಡದ ಫ್ಯಾನಿನ ಕಡೆಗೇ ಬೀಳುತ್ತದೆ. ಅವಳು ಕೆಳಗಿನ ಟ್ರೇಗೆ ಬಟರ್ ಪೇಪರ್ ಹಾಸಿದರೆ ಗಾಳಿ ಕಟ್ಟುತ್ತದೆ. ಗಾಳಿ ಕೆಳಗಿಂದ ಮೇಲೆ ಹೋಗುವುದರಿಂದ ಕೆಳಗಿನ ಟ್ರೇ ಒಣಗಿ ಮುಗಿದಾಗ ಮೇಲಿನದು ಅರ್ಧ ಹಸಿ, ತಾಸಿಗೊಮ್ಮೆ ಟ್ರೇ ಅದಲುಬದಲು ಮಾಡುತ್ತ ಕೂಡಬೇಕು. ಬೆಳ್ಳುಳ್ಳಿ ಮತ್ತು ಪೇರಲ ಒಟ್ಟಿಗೆ ಇಟ್ಟರೆ ಪೇರಲಕ್ಕೆ ಬೆಳ್ಳುಳ್ಳಿ ವಾಸನೆ. ಹಿಂಬದಿ ಫ್ಯಾನಿನ ಪೆಟ್ಟಿಗೆಯಲ್ಲಿ ಗಾಳಿ ಎಲ್ಲ ಟ್ರೇಗಳ ಮೇಲೂ ಅಡ್ಡಲಾಗಿ ಹಾಯುತ್ತದೆ, ತೊಟ್ಟಿಕ್ಕಿದ್ದು ಕೆಳಗಿನ ತಟ್ಟೆಯಲ್ಲಿ ಉಳಿಯುತ್ತದೆ, ಒರೆಸಿದರೆ ಮುಗಿಯಿತು. ಬರೀ ಸೊಪ್ಪು ಒಣಗಿಸುವವರಿಗೆ ದುಂಡನೆಯದು ಸಾಕು, ಅಗ್ಗವೂ ಹೌದು. ರಸ, ಮಜ್ಜಿಗೆ, ಬೇಳೆ ಏನಾದರೂ ಇಡುವ ಆಸೆ ಇದ್ದರೆ ಹಿಂಬದಿ ಫ್ಯಾನಿಗೇ ಹೆಚ್ಚಿನ ದುಡ್ಡು ಹಾಕಿ. ಪ್ಲಾಸ್ಟಿಕ್ ಟ್ರೇಗಳಿಗೆ ಅರಿಷಿಣ, ಮಾವಿನ ಬಣ್ಣ ಕಾಯಂ ಹತ್ತುತ್ತದೆ, ಅಂಚುಗಳು ಬಿಸಿಗೆ ಬಿರಿಯುತ್ತವೆ. ಅವಳ ಒಂದು ಟ್ರೇ ಸೀಳಿದಾಗ ಬಿಡಿಭಾಗಕ್ಕೆ ಕಂಪನಿಯವರನ್ನು ಕೇಳಿದರೆ, ಟ್ರೇ ಬಿಡಿಯಾಗಿ ಮಾರುವುದಿಲ್ಲ ಎಂಬ ಉತ್ತರ ಬಂತು. ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳಿ.

ಅದಕ್ಕಿಂತ ಮುಖ್ಯ, ಟೈಮರ್. ಅಂಕಿ ಬೆಳಗುವ ಡಿಜಿಟಲ್ ಟೈಮರ್ ಅಂಗಡಿಯಲ್ಲಿ ಚಂದ ಕಾಣುತ್ತದೆ. ಮಳೆಗಾಲದಲ್ಲಿ ಗಾಳಿ ಬೀಸಿದರೆ ಕರೆಂಟು ಹೋಗುವ ಊರು ನಮ್ಮದು. ಹಲವು ಡಿಜಿಟಲ್ ಮಾದರಿಗಳು ಕರೆಂಟು ಮರಳಿ ಬಂದಾಗ ತಾವಾಗಿ ಶುರುವಾಗುವುದಿಲ್ಲ, ಎಲ್ಲ ಅಳಿಸಿಹೋಗಿ ಸುಮ್ಮನೆ ನಿಂತಿರುತ್ತವೆ. ರಾತ್ರಿ ಹನ್ನೆರಡಕ್ಕೆ ಕರೆಂಟು ಹೋಗಿ ಐದು ನಿಮಿಷದಲ್ಲಿ ಬಂದರೂ ಬೆಳಿಗ್ಗೆ ನಿಮಗೆ ಸಿಗುವುದು ಮುಚ್ಚಿದ ಪೆಟ್ಟಿಗೆಯಲ್ಲಿ ಬೆವರಿ ಹುಳಿವಾಸನೆ ಹೊಡೆಯುವ ಹೋಳು. ತಿರುಗಿಸುವ ಗುಂಡಿಯ ಹಳೇ ನಮೂನೆಯ ಮಾದರಿ ಕರೆಂಟು ಬಂದ ಕೂಡಲೇ ತಾನಾಗಿ ಮತ್ತೆ ಶುರುವಾಗುತ್ತದೆ. ನಾನು ಅದನ್ನೇ ಆರಿಸಿದೆ, ಧಾರವಾಡದಲ್ಲಿರುವವರಿಗೆ ಅದನ್ನೇ ಹೇಳುತ್ತೇನೆ.

ಬಿಲ್ಲಿನ ಬಗ್ಗೆ ಭಯ ಬೇಡ, ಆದರೆ ಲೆಕ್ಕ ಇರಲಿ. ಯುನಿಟ್ಟಿಗೆ ಎಲ್ಲ ಸೇರಿ ಏಳು ರೂಪಾಯಿ ಎಂದು ಹಿಡಿದರೂ ಅರ್ಧ ಕಿಲೋ ಸೊಪ್ಪಿಗೆ ಏಳು ರೂಪಾಯಿ, ಮಾವಿಗೆ ಇಪ್ಪತ್ತರ ಮೇಲೆ. ಗೃಹಜ್ಯೋತಿಯಲ್ಲಿ ಇರುವವರು ಒಂದು ಗಮನಿಸಬೇಕು. ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ತುಸು ಸೇರಿಸಿ ಉಚಿತ ಮಿತಿ ಕಟ್ಟಿರುತ್ತಾರೆ, ಅದನ್ನು ದಾಟಿದ ಯುನಿಟ್ಟಿಗೆ ಹೆಸ್ಕಾಂ ಬಿಲ್ಲು ಬರುತ್ತದೆ, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಈಗಾಗಲೇ 185, 190ರಲ್ಲಿ ನಡೆಯುತ್ತಿರುವ ಮನೆಯಲ್ಲಿ ತಿಂಗಳಿಗೆ ನಾಲ್ಕಾರು ಸಲ ಮಾವು, ಟೊಮೆಟೊ ಹಚ್ಚಿದರೆ ಇಪ್ಪತ್ತು ರೂಪಾಯಿಯ ಒಣಹಣ್ಣು ಸಾವಿರದ ಮೇಲೆ ಬೀಳಬಹುದು. ಮೀಟರ್ ಓದಿಕೊಂಡು ಹಚ್ಚಿ.

ಒಣಗಿಸಿದ ಮೇಲಿನ ಕೆಲಸ ಇನ್ನೊಂದಿದೆ, ಅದನ್ನು ಕೈಪಿಡಿಯಲ್ಲಿ ಒಂದೆರಡು ಸಾಲಿನಲ್ಲಿ ಮುಗಿಸಿರುತ್ತಾರೆ. ಹಣ್ಣಿನ ಹೋಳು ಪೂರ್ತಿ ತಣ್ಣಗಾದ ಮೇಲೆ ಗಾಜಿನ ಭರಣಿಯಲ್ಲಿ ಮುಕ್ಕಾಲು ತುಂಬಿ, ಒಂದು ವಾರ ದಿನಾ ಅಲುಗಾಡಿಸಬೇಕು. ಹೆಚ್ಚು ಒಣಗಿದ ಹೋಳು, ಕಡಿಮೆ ಒಣಗಿದ ಹೋಳಿನಿಂದ ಪಸೆ ಹಂಚಿಕೊಂಡು ಎಲ್ಲ ಒಂದೇ ಹದಕ್ಕೆ ಬರುತ್ತವೆ. ಗಾಜಿನ ಒಳಮೈಗೆ ಹನಿ ಕಟ್ಟಿದರೆ ಮತ್ತೆ ಟ್ರೇಗೆ. ಸೊಪ್ಪಿಗೆ ಇದು ಬೇಕಿಲ್ಲ, ಆದರೆ ಮಷೀನಿನಿಂದ ತೆಗೆದು ಹಾಗೇ ಬಿಟ್ಟರೆ ಅರ್ಧ ತಾಸಿನಲ್ಲಿ ನಮ್ಮ ಗಾಳಿಯ ಪಸೆ ಹೀರಿ ಮೆತ್ತಗಾಗುತ್ತದೆ. ಡಬ್ಬಿಗಳನ್ನು ತೊಳೆದು ಒಣಗಿಸಿ ಮೊದಲೇ ಪಕ್ಕದಲ್ಲಿಟ್ಟುಕೊಳ್ಳುವುದು ನನ್ನ ಪದ್ಧತಿ. ಚವಳಿಕಾಯಿ, ಗಜ್ಜರಿಯಂಥವನ್ನು ಒಣಗಿಸುವ ಮುನ್ನ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆಯಬೇಕು. ಇಲ್ಲದಿದ್ದರೆ ಅವುಗಳೊಳಗಿನ ಕಿಣ್ವಗಳು ಒಣಗಿದ ಮೇಲೂ ಬಣ್ಣ, ರುಚಿ ಕೆಡಿಸುತ್ತಲೇ ಇರುತ್ತವೆ.

ಮನೆಯಲ್ಲಿ ಓಟಿಜಿ (ಸಣ್ಣ ವಿದ್ಯುತ್ ಓವನ್) ಇದ್ದರೆ ಅದರಲ್ಲೇ ಮಾಡಬಹುದೇ? ಹಲವದರಲ್ಲಿ ಬಿಸಿ ಶುರುವಾಗುವುದೇ 100 ಡಿಗ್ರಿಯಿಂದ, ಸೊಪ್ಪು ಸುಟ್ಟುಹೋಗುತ್ತದೆ. ಒಣಗಿಸುವ ಗುಂಡಿ ಇರುವ ಏರ್‌ಫ್ರೈಯರ್ ಆಗುತ್ತದೆ, ಒಂದು ಹಿಡಿ ಕರಿಬೇವಿಗೆ ಮಾತ್ರ.

ನೆಲಮಹಡಿಯ ಸ್ವಂತ ಮನೆ, ಮೇಲೆ ಮಾಳಿಗೆ, ಮಂಗಗಳ ಕಾಟ ಇಲ್ಲದ ಓಣಿ, ವರ್ಷಕ್ಕೊಮ್ಮೆ ಸಂಡಿಗೆ, ಖಾರಪುಡಿ ಇಷ್ಟೇ ನಿಮ್ಮ ಒಣಗಿಸುವ ಕೆಲಸವಾದರೆ ಈ ದುಡ್ಡು ಉಳಿಸಿ, ಒಳ್ಳೆಯ ಸೊಳ್ಳೆಪರದೆ ಬಟ್ಟೆ ತಂದು ಹೊರಸಿಗೆ ಹೊದಿಸಿ. ರಾಣೆಬೆನ್ನೂರು, ಗದಗ ಕಡೆಯ ಒಣಹವೆಯಲ್ಲಿ ಇರುವವರಿಗೆ ನಮಗಿಂತ ಕಡಿಮೆ ಬೇಕು. ಮಾರಾಟಕ್ಕೆ ಮಾಡುವ ಯೋಚನೆ ಇದ್ದರೆ ಈ ಆಟಿಕೆ ಗಾತ್ರದ್ದು ಸಾಲುವುದಿಲ್ಲ. ಆಹಾರ ಸುರಕ್ಷತೆ ನೋಂದಣಿ ಮಾಡಿಸಿ, ದೊಡ್ಡ ಕ್ಯಾಬಿನೆಟ್ ಡ್ರೈಯರ್‌ಗೇ ಹೋಗಿ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆ ಕೇಂದ್ರದ ಯೋಜನೆಯಲ್ಲಿ ಸಾಲದ ಜೊತೆ ಶೇ 35ರ ಸಹಾಯಧನ ಇತ್ತು, ಈಗಲೂ ಇದೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಬಹುದು.

ಮಾಳಿಗೆ ಇಲ್ಲದವರು, ಮಳೆಯ ಸೆರಗಿನಲ್ಲಿರುವ ಧಾರವಾಡ, ಕಲಘಟಗಿ, ಹಾನಗಲ್ ಕಡೆಯವರು, ಸೊಪ್ಪು ಪ್ರೀತಿಸುವವರು, ದೂರದಲ್ಲಿ ಮಕ್ಕಳಿರುವವರು ಧೈರ್ಯವಾಗಿ ತಗೊಳ್ಳಿ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿ ಅಗ್ಗ ಸಿಕ್ಕರೂ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಂಥ ಕಡೆ ಅಂಗಡಿಗೇ ಹೋಗಿ, ಎದುರಿಗೇ ಹಚ್ಚಿ ತೋರಿಸಲು ಹೇಳಿ. ಅಡುಗೆಯ ಥರ್ಮಾಮೀಟರ್ ಒಂದನ್ನು ಚೀಲದಲ್ಲಿ ಒಯ್ಯಿರಿ. 50 ಡಿಗ್ರಿಗೆ ಇಟ್ಟು ಕಾಲು ತಾಸು ಬಿಟ್ಟು, ಮೇಲಿನ ಟ್ರೇ, ಕೆಳಗಿನ ಟ್ರೇ, ಬಾಗಿಲ ಕಡೆ, ಫ್ಯಾನಿನ ಕಡೆ ಅಳೆದು ನೋಡಿ. ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆ ನಡೆಯುತ್ತದೆ. ಹತ್ತು ದಾಟಿದರೆ ಬೇರೆ ಮಾದರಿ ತೋರಿಸಿ ಅನ್ನಿ.